ಪುಟದ ತಳದಲ್ಲಿದ್ದ ಸೀರೆಗಳು

ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ದಿನ ತಲೆಬಾಗಿಲು ದಾಟಿದರೆ ಎದುರಿಗೆ ನಿಂತಿದ್ದದ್ದು ಎಮ್ಮೆ! ಇಲ್ಲಿಯ ಹಳೆಯ ಮನೆಗಳಲ್ಲಿ ಮೊದಲು ದನದ ಜಾಗ, ಆಮೇಲೆ ಪಡಸಾಲೆ, ಎಲ್ಲಕ್ಕೂ ಒಳಗೆ ದೇವರ ಮನೆ. ಕೋಲಾರದ ನಮ್ಮ ಮನೆಯಲ್ಲಿ ಹಸು ಹಿತ್ತಿಲಲ್ಲಿತ್ತು. ಮುದ್ದೆ ನುಂಗಿ ಬೆಳೆದ ನಾನು ಹಪ್ಪಳದಂತೆ ಒಣಗಿದ ಜೋಳದ ಕಟಕ ರೊಟ್ಟಿಗೆ ಹಲ್ಲು ಒಗ್ಗಿಸಿಕೊಂಡೆ, ಇಲ್ಲಿಯ ಮಾತನ್ನೂ ಕಲಿತೆ. ಆದರೆ ಮನೆಯಲ್ಲಿ ನನ್ನ ಮಾತು ನಡೆಯಬೇಕಲ್ಲ!

ಮಾವನವರದು ಸೀರೆ ಅಂಗಡಿ. ರಾಮದುರ್ಗದ ನೇಕಾರರಿಂದ ಕೈಮಗ್ಗದ ಸೀರೆ ತರುತ್ತಿದ್ದರು. ಊರಿಗೆ ಇಂಟರ್ನೆಟ್ ಬಂದ ಹೊಸತರಲ್ಲಿ, ಕಂಪ್ಯೂಟರ್ ಕಲಿತಿದ್ದ ನಾನು ಅಂಗಡಿಗೊಂದು ವೆಬ್ ಪುಟ ಮಾಡಿದೆ. ಮಾವ ಅದನ್ನು ಲಗ್ನಪತ್ರಿಕೆಯ ಹಾಗೆ ಜೋಡಿಸಿದರು: ಮೇಲೆ ಮನೆದೇವರು, ಆಮೇಲೆ ಅಜ್ಜಾರು (ಮಠದ ಸ್ವಾಮಿಗಳನ್ನು ಇಲ್ಲಿ ಹಾಗನ್ನುತ್ತಾರೆ), ಆಮೇಲೆ ತೀರಿಹೋದ ಹಿರಿಯರು, ಸುಸ್ವಾಗತ. ಸೀರೆಗಳು ತೀರ ಕೆಳಗೆ. ಮೌಸ್ ಉರುಳಿಸಿ ಉರುಳಿಸಿ ಇಳಿದವರಿಗಷ್ಟೇ ಅವುಗಳ ದರ್ಶನ.

ತಿಂಗಳುಗಟ್ಟಲೆ ಒಂದು ಫೋನೂ ಬರಲಿಲ್ಲ. ಕಿತ್ತೂರಿನಲ್ಲಿದ್ದ ನಾದಿನಿ ಪುಟ ನೋಡಿ, "ವೈನಿ, ಅಜ್ಜಾರ ಫೋಟೋ ಚಲೋ ಬಂದೈತಿ. ಸೀರಿ ಎಲ್ಲಿ ಅದಾವ?" ಎಂದಳು. ಮನೆಮಗಳೇ ಕೆಳಗಿಳಿದು ನೋಡಿರಲಿಲ್ಲ!

"ತಗದುಬಿಡವಾ, ಇದು ನಮ್ಮಂಥಾವರಿಗಲ್ಲ," ಎಂದರು ಮಾವ.

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. ಪುಟ ಹೋದರೆ ಈ ಮನೆಯಲ್ಲಿ ನಾನು ಮತ್ತೆ ರೊಟ್ಟಿ ಬಡಿಯುವುದಕ್ಕಷ್ಟೇ.

"ಸೀರಿ ಮ್ಯಾಲ ಹಾಕತೇನ್ರಿ ಮಾವಾರ."

"ದೇವರನ್ನ, ನಮ್ಮಪ್ಪನ್ನ ಸೀರಿ ಕೆಳಗ ಇಡತೀಯೇನು?"

"ಕೆಳಗಲ್ರಿ, ಒಳಗ. ನಮ್ಮ ಮನ್ಯಾಗ ಬಾಗಲದಾಗ ಎಮ್ಮಿ ಐತಿ, ದೇವರು ಒಳಗ ಅದಾನ. ಅದಕ್ಕ ಎಮ್ಮಿ ದೊಡ್ಡದು, ದೇವರು ಸಣ್ಣಾಂವ ಆದನೇನ್ರಿ?"

ಮಾವ ಮೀಸೆಯಡಿಯಲ್ಲೇ ನಕ್ಕರು. "ಭಾಳ ಶಾಣ್ಯಾಕಿ ಅದೀ. ಹಾಕು."

ಸೆರಗು ಬಿಚ್ಚಿದ ಕೆಂಪು ಸೀರೆ ಪುಟದ ನೆತ್ತಿಗೇರಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನಿಂದ ಒಬ್ಬ ಹೆಂಗಸಿನ ಫೋನ್! ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೆ ಮಾವ ರಿಸೀವರನ್ನು ನನ್ನ ಕೈಗಿಟ್ಟು, "ಇದು ನಮ್ಮ ಸೊಸಿ ವ್ಯವಹಾರ," ಎಂದರು. ಅಂದು ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ.

ಸೀರೆ ಗೊತ್ತುಮಾಡಿದ ಮೇಲೆ ಆ ಹೆಂಗಸು ಕೇಳಿದರು: "ನಿಮ್ಮ ಮಾತು ನಮ್ಮ ಕೋಲಾರದ ಕಡೆಯೋರ ಥರ ಇದೆಯಲ್ಲ. ಯಾವೂರು ನಿಮ್ಮದು?"

"ಬೈಲಹೊಂಗಲ ರೀ," ಎಂದುಬಿಟ್ಟೆ. ಮಾವನ ಮುಖ ಅರಳಿತು, ನನ್ನದೂ. ಫೋನ್ ಇಟ್ಟ ಮೇಲೆ ಮಾತ್ರ, ನಾನೂ ಕೋಲಾರದವಳೇ ಎಂದು ಹೇಳಲು ಅವರಿಗೆ ತಿರುಗಿ ಫೋನ್ ಮಾಡಲೇ ಎಂದು ಸಂಜೆವರೆಗೂ ಒದ್ದಾಡಿದೆ.