ಕಿವಿಯೊಳಗಿನ ಬಿಳಿ ಗಂಟು

ಅಕ್ಕನ ಕಿವಿ ಸೋರುವುದು ನಿಂತಿತೆಂದು ಅವ್ವ ಹೋಳಿಗೆ ಮಾಡಿದ್ದಳು. ೧೯೯೭ರ ಮಾತು. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಆಗ ಸದಾ ಕೂದಲಿನ ಮೂಟೆಗಳು ಇರುತ್ತಿದ್ದವು. ವ್ಯಾಪಾರಿಗಳು ತಂದು ಕೊಟ್ಟ ಸಿಕ್ಕುಗೂದಲನ್ನು ಬಿಡಿಸಿ ಕಟ್ಟು ಕಟ್ಟುವುದು ನಮ್ಮ ಮನೆಯ ಹೆಂಗಸರ ಕೆಲಸ. ಅಂದು ಅಕ್ಕ ಕೆಲಸ ಬಿಟ್ಟು ನನ್ನನ್ನು ಕಾಡಿಸುತ್ತ ಕುಳಿತಿದ್ದಳು.

"ಇನ್ಮ್ಯಾಲೆ ನೀ ಪಿಸುಪಿಸು ಅಂದ್ರೂ ನನಗ ಕೇಳತೈತಿ. ಚಾಡಿ ಹೇಳೂವಾಗ ಹುಷಾರ್."

ನಾನು ಅವಳ ಬೆನ್ನ ಹಿಂದೆ ಹೋಗಿ ಮೆಲ್ಲಗೆ "ಕಳ್ಳಿ" ಎಂದೆ. ಅವಳು ತಿರುಗಲಿಲ್ಲ. ಹೋಳಿಗೆ ಮುರಿದು ತುಪ್ಪ ಹಚ್ಚಿಕೊಂಡಳು.

ಮರುದಿನ ತಲೆನೋವು ಎಂದಳು. ಆಮೇಲೆ ಜ್ವರ, ವಾಂತಿ. ಕೊಪ್ಪಳದಿಂದ ಹುಬ್ಬಳ್ಳಿಗೆ ಕಳಿಸಿದರು. ಕಿವಿಯ ಕೀವು ತಲೆಗೆ ಏರಿದೆ ಎಂದು ಅಲ್ಲಿ ಹೇಳಿದರಂತೆ. ಅಕ್ಕನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅವಳಿಗೆ ಆಗ ಹದಿನಾಲ್ಕು ವರ್ಷ.

ಅವ್ವ ಅವಳ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ಅದರಿಂದಲೇ ಸೋರುವುದು ನಿಂತಿತು, ನಿಂತದ್ದರಿಂದಲೇ ಮಗಳು ಹೋದಳು ಎಂದು ಅವಳ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಹಾಗಾಗಿ ಎಷ್ಟೋ ವರ್ಷಗಳ ಮೇಲೆ, ಮೂರನೆಯ ಇಯತ್ತೆಯಲ್ಲಿದ್ದ ನನ್ನ ಮಗಳ ಎಡಗಿವಿ ಸೋರತೊಡಗಿದಾಗ ಅವ್ವ ಔಷಧವನ್ನೇ ಹಾಕಗೊಡಲಿಲ್ಲ.

"ಹನಿ ಹಾಕಿ ನಿಲ್ಲಸಬ್ಯಾಡ. ಹೊರಗ ಬರೋದು ಬರ್ಲಿ. ಒಳಗ ಉಳದ್ರ ಏನಾಗತೈತಿ ಅಂತ ನೋಡೀಯಲ್ಲ."

ನಾನು ಹನಿಯ ಸೀಸೆಯನ್ನು ತೆಗೆದಿಟ್ಟೆ. ಆದರೆ ಮಗಳ ದಿಂಬಿನಿಂದ ಒಂದು ವಾಸನೆ ಬರುತ್ತಿತ್ತು. ಅಕ್ಕನ ದಿಂಬಿಗೂ ಅದೇ ವಾಸನೆ ಇತ್ತು. ಮಗಳನ್ನು ಕರೆದುಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ಅವ್ವನೂ ಹಿಂದೆಯೇ ಬಂದಳು.

ಕಿವಿ ಡಾಕ್ಟರು ಹೆಣ್ಣುಮಗಳು, ಈ ಕಡೆಯವರೇ. ತುದಿಯಲ್ಲಿ ದೀಪವಿದ್ದ ತೆಳ್ಳನೆಯ ಕೊಳವೆಯೊಂದನ್ನು ಮಗಳ ಕಿವಿಯೊಳಗೆ ಇಟ್ಟರು. ಒಳಗಿನದೆಲ್ಲ ಟಿವಿಯಲ್ಲಿ ಕಾಣಿಸಿತು. ನಾನು ಮಗಳ ಕೈ ಹಿಡಿದುಕೊಂಡಿದ್ದರೂ ನೋಡಿದ್ದು ಟಿವಿಯನ್ನೇ. ಕೆಂಪು ಓಣಿಯಂಥ ದಾರಿ. ಅದರ ಕೊನೆಯಲ್ಲಿ ಕಿವಿಯ ತಮಟೆ. ತಮಟೆಯ ಮೇಲಿನ ಮೂಲೆಯಲ್ಲಿ ಒಂದು ಗುಳಿ, ಗುಳಿಯೊಳಗೆ ಉಳ್ಳಾಗಡ್ಡಿಯ ಪದರಿನಂಥ ಬಿಳಿ ಗಂಟು. ಇಷ್ಟು ಸಣ್ಣದೇ ಎನಿಸಿತು.

"ಗಡ್ಡಿ ಏನ್ರಿ?" ಎಂದು ಕೇಳಿದೆ.

"ಕ್ಯಾನ್ಸರ್ ಅಲ್ರಿ. ಬರೇ ಚರ್ಮ. ಇರಬಾರದ ಜಾಗಾದಾಗ ಬೆಳದೈತಿ. ಬಿಟ್ರ ಎಲುಬು ತಿಂದು ಮೆದುಳಿನ ತನಕ ಹೋಗತೈತಿ."

"ಸೋರೋದು ನಿಂತ್ರ?"

"ಸೋರಿದ್ರೂ ತಿಂತೈತಿ, ನಿಂತ್ರೂ ತಿಂತೈತಿ."

ಮೂಲೆಯಲ್ಲಿ ಕುಳಿತಿದ್ದ ಅವ್ವ ಕೇಳಿದಳು: "ಎಣ್ಣಿ ಬಿಟ್ರ ಇದು ಆಗತೈತೇನ್ರಿ?"

"ಎಣ್ಣಿ ಬಿಡಬಾರದವ್ವಾ. ಆದ್ರ ಇದು ಎಣ್ಣಿಯಿಂದ ಬರೂದಲ್ಲ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, ಕಿವಿಯ ಹಿಂದೆ ಕೊಯ್ಯುತ್ತೀರಾ, ತಲೆ ಬೋಳಿಸುತ್ತೀರಾ ಎಂದು ವಿಚಾರಿಸಿದಳು. ಸ್ಕ್ಯಾನ್ ನೋಡಿದ ಮೇಲೆ ಡಾಕ್ಟರು ಹೇಳಿದರು: ಗಂಟು ಹಿಂದಿನ ಎಲುಬಿಗೆ ಇಳಿದಿಲ್ಲ, ಕಿವಿಯ ತೂತಿನಿಂದಲೇ ಈ ಕೊಳವೆ ಹಾಕಿ ತೆಗೆಯಬಹುದು. ಒಳಗೆ ಹೆಚ್ಚು ಹರಡಿದ್ದು ಕಂಡರೆ ಮಾತ್ರ ಹಿಂದೆ ಕೊಯ್ಯಬೇಕಾಗುತ್ತದೆ.

"ಬೋಳಿಸಿದ್ರ ನನ್ ಜಡಿ ಆಯಿ ಮೂಟ್ಯಾಗ ಹಾಕಿ ಮಾರ್ತಾಳ್ರಿ," ಎಂದಳು ಮಗಳು, ಅಜ್ಜಿಯ ಕಡೆ ಕೈ ತೋರಿಸಿ.

"ಹೌದು, ನಿನ್ ಜಡೀಗೆ ಭಾಳ ರೇಟ್ ಬರತೈತಿ, ಹೇನು ಸಹಿತ," ಎಂದಳು ಅವ್ವ. ಡಾಕ್ಟರೂ ನಕ್ಕರು.

ಆಪರೇಷನ್ ಮುಗಿಸಿ ಕರೆತಂದಾಗ ಮಗಳ ಜಡೆ ಹಾಗೆಯೇ ಇತ್ತು. ಕಿವಿಯಲ್ಲಿ ಹತ್ತಿ, ಅಷ್ಟೇ. ಒಳಗೆ ಏನು ಮಾಡಿದಿರಿ, ನೋಡಬೇಕು ಎಂದೆ. ಡಾಕ್ಟರು ಬೇಸರಿಸದೆ ಒಳಗೆ ತೆಗೆದ ಚಿತ್ರಗಳನ್ನು ತೋರಿಸಿದರು. ಶಬ್ದ ಸಾಗಿಸುವ ಮೂರು ಎಲುಬುಗಳಲ್ಲಿ ನಡುವಿನದರ ತುದಿಯನ್ನು ಗಂಟು ತಿಂದುಹಾಕಿತ್ತು. ಆ ಎಲುಬನ್ನು ತೆಗೆದು, ಕಿವಿಯ ಮುಂಭಾಗದ ಮೆತ್ತನೆಯ ಎಲುಬಿನ ಚೂರೊಂದನ್ನು ಅಲ್ಲಿ ಕೂರಿಸಿದ್ದರು. ಗಂಟಿನ ಚೂರು ಉಳಿದಿದ್ದರೆ ಮತ್ತೆ ಬೆಳೆಯಬಹುದು, ಬಂದು ತೋರಿಸುತ್ತಿರಿ ಎಂದರು.

ತೋರಿಸುತ್ತಿದ್ದೇವೆ. ಇದುವರೆಗೆ ಬೆಳೆದಿಲ್ಲ. ಆ ಕಿವಿ ಪೂರ್ತಿ ಅಲ್ಲದಿದ್ದರೂ ಕೇಳಿಸುತ್ತದೆ.

ಡಾಕ್ಟರು ಕೊಟ್ಟ ಚಿತ್ರಗಳು ನನ್ನ ಬಳಿ ಇವೆ. ಮಗಳ ಕಿವಿಯ ಒಳಮೂಲೆಗಳೆಲ್ಲ ಅವುಗಳಲ್ಲಿವೆ. ಆಗಾಗ ತೆಗೆದು ನೋಡುತ್ತೇನೆ. ಅಕ್ಕನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ.