ಬೋರ್ಡು ಒರೆಸುತ್ತಿದ್ದ ಮೇಷ್ಟ್ರು

ಹಿತ್ತಿಲ ಬೇಲಿಗೆ ಹಬ್ಬಿದ ತೊಂಡೆ ಬಳ್ಳಿ ಈ ವರ್ಷ ಸೊಕ್ಕಿ ಬೆಳೆದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೂ ಹತ್ತಿಬಿಟ್ಟಿತ್ತು. ಅವರು ಬೈಯುವ ಮೊದಲೇ ಸವರಿಬಿಡೋಣವೆಂದು ಮೊನ್ನೆ ಕುಡುಗೋಲು ಹಿಡಿದು ನಿಂತೆ. ಎಲೆಗಳು ಕೈಯಲ್ಲಿ ನಲುಗಿ ರಸ ಬೆರಳಿಗೆ ಹತ್ತಿತು. ಆ ಹಸಿ ವಾಸನೆ... ಶ್ರೀರಂಗಪಟ್ಟಣದ ನನ್ನ ಹಿತ್ತಿಲಲ್ಲಿದ್ದೇನೋ, ಬೂಕನಕೆರೆಯಾಚೆಯ ಆ ನಾಲ್ಕು ಕೋಣೆಯ ಶಾಲೆಯಲ್ಲಿದ್ದೇನೋ, ಒಂದು ಗಳಿಗೆ ತಿಳಿಯಲೇ ಇಲ್ಲ. ಆ ಶಾಲೆಯ ಮೇಷ್ಟ್ರು ತೊಂಡೆ ಸೊಪ್ಪಿನ ಜೊತೆ ಇದ್ದಿಲು ಅರೆದು ಕರಿಹಲಗೆಗೆ ತಾವೇ ಬಳಿಯುತ್ತಿದ್ದರು. ಅಂಗಡಿಯ ಕಪ್ಪು ಬಣ್ಣ ತಂದುಕೊಡುತ್ತೇನೆಂದರೆ ಬೇಡವೇ ಬೇಡ ಎನ್ನುತ್ತಿದ್ದರು.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನನ್ನದು ಮೇಷ್ಟ್ರುಗಳಿಗೆ ಕಂಪ್ಯೂಟರು ಕಲಿಸುವ ಕೆಲಸ. ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದರೆ ಇವತ್ತು ಪಾಂಡವಪುರ, ನಾಳೆ ಕೆ.ಆರ್. ಪೇಟೆ, ನಾಡಿದ್ದು ನಾಗಮಂಗಲ. ಪ್ರತಿ ಶಾಲೆಗೂ ಒಂದು ಬ್ಲಾಗು ಇರಬೇಕು, ಮಕ್ಕಳು ಬರೆದದ್ದನ್ನು ಅದರಲ್ಲಿ ಹಾಕಬೇಕು, ಲೋಕವೆಲ್ಲ ಓದಬೇಕು ಎಂಬ ಹುಚ್ಚು ನನಗೆ. ಎಷ್ಟೋ ಮೇಷ್ಟ್ರುಗಳು ನಾನು ಬರುವುದು ಕಂಡ ಕೂಡಲೇ ಬಿಸಿಯೂಟದ ಅಕ್ಕಿ ನೋಡಲು ಎದ್ದು ಹೋಗುತ್ತಿದ್ದರು! ಕೂತವರೂ ‘ನೆಟ್‌ವರ್ಕ್ ಸಿಕ್ಕಲ್ಲ ಮೇಡಂ’ ಎಂದು ಆಕಾಶ ನೋಡುತ್ತಿದ್ದರು.

ತೊಂಡೆ ಸೊಪ್ಪಿನ ಈ ಮೇಷ್ಟ್ರು ಮಾತ್ರ ಹಾಗಲ್ಲ. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಬಡಗಿಗಳ ಮನೆತನ, ಶಾಲೆಯ ಕುರ್ಚಿ ಮುರಿದರೆ ತಾವೇ ಉಳಿ ಹಿಡಿದು ಕೂರುವವರು. ಹೊಸದಾಗಿ ಕೊಂಡ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮಕ್ಕಳಿಗಿಂತ ಮುಂದೆ ಬಂದು ಕುಳಿತರು.

“ಬ್ಲಾಗು ಅಂದ್ರೆ ಏನವ್ವ? ನಂಗೆ ಅರ್ಥ ಆಗೋ ಅಂಗೆ ಯೋಳು” ಎಂದರು.

“ಅದೂ ಒಂದು ಬೋರ್ಡೇ ಸಾರ್. ನಿಮ್ಮ ಬೋರ್ಡು ಈ ಕೋಣೆಯವರಿಗೆ ಕಾಣುತ್ತೆ, ಅದು ಎಲ್ಲರಿಗೂ ಕಾಣುತ್ತೆ, ಅಷ್ಟೇ” ಎಂದೆ. ಎಷ್ಟು ಚೆನ್ನಾಗಿ ವಿವರಿಸಿದೆ ಎಂದು ಒಳಗೊಳಗೇ ಬೀಗಿದೆ ಕೂಡ.

ಅವರು ಕಲಿತರು. ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ, ಹಾಜರಿ ಪುಸ್ತಕದ ಸರದಿಯಂತೆ ದಿನಕ್ಕೊಂದು ಮಗುವಿನ ಬರಹ ಹಾಕತೊಡಗಿದರು. ಹನ್ನೊಂದು ಗಂಟೆಗೆ ನಾನು ತೆರೆದು ನೋಡಿದರೆ ಹೊಸತೊಂದು ಇದ್ದೇ ಇರುತ್ತಿತ್ತು. ಎಮ್ಮೆ ಕರು ಹಾಕಿದ್ದು, ಕಾಲುವೆಗೆ ನೀರು ಬಿಟ್ಟಾಗ ಚಪ್ಪಲಿ ತೇಲಿಹೋದದ್ದು, ಅಜ್ಜಿ ಕದ್ದು ಬೆಲ್ಲ ತಿನ್ನುವುದು... ಬೇರೆ ಶಾಲೆಗಳ ಬ್ಲಾಗಿನಲ್ಲಿ ಸ್ವಾತಂತ್ರ್ಯ ದಿನಾಚರಣೆಯ ಫೋಟೋ ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಇವರ ಮಕ್ಕಳು ಮನೆಯೊಳಗಿನ ಮಾತನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದವು. ಹೇಗೆ ಬರೆಸುತ್ತಾರೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನಾಗಮಂಗಲದಲ್ಲಿ ಒಂದು ಸಂಜೆ ಅಧಿಕಾರಿಗಳ ಸಭೆ. ಐದು ಗಂಟೆ ದಾಟಿತ್ತು. ‘ದಿನಾ ಬರೆಯುವ ಶಾಲೆಯೊಂದಿದೆ, ನೋಡಿ’ ಎಂದು ದೊಡ್ಡದಾಗಿ ಹೇಳಿ ಪರದೆಯ ಮೇಲೆ ಅವರ ಬ್ಲಾಗು ತೆರೆದೆ. ಶಾಲೆಯ ಹೆಸರು ಬಿಟ್ಟರೆ ಪುಟವೆಲ್ಲ ಬರಿದು. ಒಂದಕ್ಷರವಿಲ್ಲ! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನವೇ ಆ ಶಾಲೆಗೆ ಹೋದೆ.

“ಬರೆದದ್ದೆಲ್ಲ ಎಲ್ಲಿ ಹೋಯ್ತು ಸಾರ್?”

“ಒರ್ಸ್ಬುಟ್ಟೆ ಕಣವ್ವ. ದಿನಾ ಒರ್ಸ್ತೀನಲ್ಲ” ಎಂದರು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಆಮೇಲೆ ತಿಳಿಯಿತು. ಕೊನೆಯ ಗಂಟೆ ಹೊಡೆಯುವ ಮುಂಚೆ ಆ ಶಾಲೆಯಲ್ಲಿ ಬೋರ್ಡು ಒರೆಸುವುದು ಒಂದು ಪದ್ಧತಿ. ಸರದಿಯ ಮಗು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಂದು ಗೆರೆಯೂ ಉಳಿದಿಲ್ಲವೆಂದು ಮೇಷ್ಟ್ರು ನೋಡಬೇಕು, ಆಮೇಲೆಯೇ ಬಾಗಿಲಿಗೆ ಬೀಗ. ನಾನು ಬ್ಲಾಗನ್ನೂ ಬೋರ್ಡು ಎಂದಿದ್ದೆನಲ್ಲ. ಅದನ್ನೂ ದಿನಾ ಸಂಜೆ ಒರೆಸಿ ಮನೆಗೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಬೆಳಿಗ್ಗೆ ಮಾತ್ರ ನೋಡುತ್ತಿದ್ದ ನನಗೆ, ಕೆಳಗೆ ಹಳೆಯದು ಇದೆಯೋ ಇಲ್ಲವೋ ಎಂದು ಜರುಗಿಸಿ ನೋಡುವಷ್ಟು ವ್ಯವಧಾನವೂ ಇರಲಿಲ್ಲ.

ನಗಬೇಕೋ ಅಳಬೇಕೋ ತೋಚಲಿಲ್ಲ. ಕೊನೆಗೆ ಸಿಟ್ಟೇ ಗೆದ್ದಿತು. ಅಲ್ಲೇ ಕೂತು ಪಾಸ್‌ವರ್ಡ್ ಬದಲಾಯಿಸಿದೆ. ‘ಇನ್ನು ಮೇಲೆ ಬರಹ ನನಗೆ ವಾಟ್ಸಾಪ್‌ನಲ್ಲಿ ಕಳಿಸಿ, ನಾನೇ ಹಾಕುತ್ತೇನೆ’ ಎಂದೆ. ಅವರು “ಸಾಯಂಕಾಲ ನೀನೇ ಒರ್ಸ್ತೀಯಾ?” ಎಂದು ಕೇಳಿದರು.

ನಾನು ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದೆ. ಹೊರಗೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. “ಹೂಂ ಸಾರ್, ಎಲ್ಲಾ ನಾನು ನೋಡ್ಕೋತೀನಿ” ಎಂದು ಓಡಿದೆ.

ಅದೊಂದು ಮಾತು. ಅವರ ಬಾಯಿ ಮುಚ್ಚಿಸಲು ಹೇಳಿದೆನೋ, ಬಸ್ಸು ತಪ್ಪುವ ಅವಸರಕ್ಕೆ ಹೇಳಿದೆನೋ, ಇವತ್ತಿಗೂ ಬಗೆಹರಿದಿಲ್ಲ.

ಎರಡು ಮೂರು ವಾರವಾಗಿರಬೇಕು. ನಾನು ಒಂದನ್ನೂ ಒರೆಸಿರಲಿಲ್ಲ, ನನ್ನ ಮಾತು ನಂಬಿದ ಮೇಷ್ಟ್ರು ತೆರೆದು ನೋಡಿರಲಿಲ್ಲ. ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಬರಹ ಬಂತು. ‘ನಮ್ಮ ಮನೆಯ ಅಡುಗೆ’ ಎಂದು ಶೀರ್ಷಿಕೆ. ಅಪ್ಪ ಹೊಡೆದ ದಿನ ಅವ್ವ ಮನೆ ಬಿಟ್ಟು ಹೋದಳು, ಎಲ್ಲಿದ್ದಾಳೋ ಗೊತ್ತಿಲ್ಲ, ಈಗ ಮುದ್ದೆ ತೊಳಸುವುದು ನಾನೇ, ಗಂಟು ಕಟ್ಟಿದರೆ ಅಪ್ಪ ತಟ್ಟೆ ತಳ್ಳುತ್ತಾನೆ, ಅವ್ವ ಗಂಟಿಲ್ಲದಂತೆ ಹೇಗೆ ಮಾಡುತ್ತಿದ್ದಳು ಎಂದು ಕೇಳಬೇಕು... ಹೀಗೆ. ಓದಿ ಕಣ್ಣು ತುಂಬಿತು. ಕಣ್ಣು ಒರೆಸಿಕೊಂಡು ಮಾಡಿದ್ದೇನು? ಹುಡುಗಿಯ ಹೆಸರು, ಊರು ಸಮೇತ ಬ್ಲಾಗಿಗೆ ಹಾಕಿ, ನಾನು ಸುತ್ತುತ್ತಿದ್ದ ತಾಲ್ಲೂಕುಗಳ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆ. ‘ನೋಡಿ, ಹೀಗೆ ಬರೆಸಬೇಕು’ ಎಂದು ಮೇಲೊಂದು ಸಾಲು ಬೇರೆ.

ಆ ದಿನ ಪಾಂಡವಪುರದಲ್ಲಿ ತರಬೇತಿಯಿತ್ತು. ಸಂಜೆ ಚೀಲದಿಂದ ಫೋನು ತೆಗೆದರೆ ಮೇಷ್ಟ್ರ ಹೆಸರಿನಲ್ಲಿ ಆರು ಕರೆ. ಮತ್ತೆ ಏನೋ ಒತ್ತಲು ಬರದೆ ಒದ್ದಾಡುತ್ತಿದ್ದಾರೆ, ನಾಳೆ ಮಾತಾಡಿದರಾಯಿತು ಎಂದುಕೊಂಡೆ.

ನಾಳೆ ಅವರೇ ಬಂದರು. ಮೊದಲ ಬಸ್ಸಿಗೆ ಹೊರಟು, ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ನೀರು ಕೂಡ ಮುಟ್ಟಲಿಲ್ಲ. “ಯಾಕವ್ವ ಒರ್ಸ್ನಿಲ್ಲ? ಊರಲ್ಲಿ ಹೋಟ್ಲು ಮುಂದೆ ಓದ್ಕಂಡು ನಗ್ತಾವ್ರೆ. ಅವರಪ್ಪ ಮಗೀನ ಬ್ಯಾಗು ಕಿತ್ತು ಒಲೆಗಾಕವ್ನೆ” ಎಂದರು.

ಅವರ ಎದುರೇ ಅಳಿಸಿದೆ. ಪುಟ ತೋರಿಸಿದೆ. ಅವರು ಉಸಿರು ಬಿಟ್ಟರು. ಆಮೇಲೆ ತಮ್ಮ ಫೋನು ತೆಗೆದು, ಊರಿನವರು ಯಾರೋ ಕಳಿಸಿದ್ದ ಅದೇ ಬರಹದ ಚಿತ್ರ ತೋರಿಸಿ, “ಇಲ್ಲಿ ಇನ್ನೂ ಅದೆಯಲ್ಲವ್ವ?” ಎಂದರು. ನಾನು ವಿವರಿಸಿದೆ. ಎಷ್ಟು ಫೋನಿಗೆ ಹೋಗಿದೆಯೋ ನನಗೂ ಗೊತ್ತಿಲ್ಲ, ಇನ್ನು ಹಿಡಿಯಲಾಗದು ಎಂದೆ.

“ಒರ್ಸುದ್ಮೇಲೂ ಇರ್ತದಾ?”

ಹೂಂ ಎಂದು ತಲೆಯಾಡಿಸಿದೆ.

“ಅಂಗಾರೆ ಅದು ಬೋರ್ಡಲ್ಲ ಕಣವ್ವ” ಎಂದು ಚಪ್ಪಲಿ ಮೆಟ್ಟಿದರು. ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದರು. ಬರೆಯಲು ಹೆದರುವ ಮಕ್ಕಳಿಗೆ ‘ಸಂಜೆ ಒರ್ಸ್ತೀನಿ, ಧೈರ್ಯವಾಗಿ ಬರೀರ್ಲಾ’ ಎನ್ನುತ್ತಿದ್ದರಂತೆ. ಆ ಹುಡುಗಿಗೂ ಹಾಗೇ ಹೇಳಿದ್ದರಂತೆ. ನನಗೆ ಎರಡು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ.

ಒಂದು ವಾರದೊಳಗೆ ಹುಡುಗಿ ಊರಲ್ಲೇ ಇಲ್ಲವೆಂದಾಯಿತು. ಯಾವುದೋ ನೆಂಟರ ಮನೆಗೆ ಕಳಿಸಿದ್ದೇನೆ, ಇನ್ನು ಅವಳಿಗೆ ಸ್ಕೂಲೂ ಇಲ್ಲ ಏನೂ ಇಲ್ಲ ಎಂದು ಅಪ್ಪ ಜಗಲಿಯಿಂದಲೇ ಮೇಷ್ಟ್ರನ್ನು ವಾಪಸು ಕಳಿಸಿದ. ಮೇಷ್ಟ್ರು ಪ್ರತಿ ಭಾನುವಾರ ಬಸ್ಸು ಹತ್ತತೊಡಗಿದರು. ಹುಡುಗಿಯ ನೆಂಟರೆಂದು ಯಾರ ಹೆಸರು ಕೇಳಿದರೂ ಅವರ ಮನೆಗೆ. ಅರಕೆರೆಗೂ ಹೋಗಿ ಬಂದರು. ಒಮ್ಮೆ ನನ್ನಲ್ಲಿಗೆ ಬಂದು, “ನಿನ್ನ ಕಂಪ್ಯೂಟ್ರಲ್ಲಿ ಲೋಕವೆಲ್ಲ ಕಾಣ್ತದೆ ಅಂತಿದ್ದೆ. ಈ ಮಗ ಎಲ್ಲವ್ಳೆ ನೋಡವ್ವ” ಎಂದರು. ಇಲಾಖೆಯ ಪಟ್ಟಿಯಲ್ಲಿ ಹುಡುಕಿದೆ. ಯಾವ ಶಾಲೆಗೂ ಸೇರಿರಲಿಲ್ಲ. ಶಾಲೆ ಬಿಟ್ಟವರ ಸಾಲಿನಲ್ಲಿ ಅವಳ ಹೆಸರಿತ್ತು. ಕನ್ನಡಕ ಒರೆಸಿ ಒರೆಸಿ ಅದನ್ನೇ ನೋಡಿದರು. “ನಾನೇ ಮಗೀನ ಸ್ಕೂಲು ಬುಡುಸ್ಬುಟ್ಟೆ” ಎಂದರು. ಅಲ್ಲ ಸಾರ್, ನಾನು ಎನ್ನಬೇಕಿತ್ತು. ಆ ಪುಟ ಮುಚ್ಚಿದೆ.

ಆ ಏಪ್ರಿಲ್‌ನಲ್ಲಿ ಅವರು ನಿವೃತ್ತರಾದರು. ಬೇಸಿಗೆ ರಜೆ ಮುಗಿಯುವ ಮೊದಲೇ ತೀರಿಕೊಂಡರು. ಅದೇ ಮೇಷ್ಟ್ರುಗಳ ಗುಂಪಿನಲ್ಲಿ ಸುದ್ದಿ ಬಂತು. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ಒಂದು ಒತ್ತಿದೆ... ಅಷ್ಟೇ ನನ್ನಿಂದಾದದ್ದು.

ಹಿಂದಿನ ತಿಂಗಳು ಕೆ.ಆರ್.ಎಸ್.ಗೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿಯ ಪುಟ್ಟ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಗಲ್ಲಾದಲ್ಲಿ ಕೂತಿದ್ದ ಹುಡುಗಿ ಎದ್ದು ಬಂದಳು.

“ನೀವು ಕಂಪ್ಯೂಟರ್ ಮಿಸ್ ಅಲ್ವಾ? ನಮ್ ಸ್ಕೂಲಿಗೆ ಬರ್ತಿದ್ರಿ.”

ಊರು, ಹೆಸರು ಹೇಳಿದಳು. ಲೋಟ ಕೆಳಗಿಟ್ಟೆ. ಅವಳೇ.

ಮನೆ ಬಿಟ್ಟ ಅವ್ವ ಈ ಹೋಟೆಲಿನ ಅಡುಗೆಮನೆಗೇ ಕೆಲಸಕ್ಕೆ ಸೇರಿದ್ದಳಂತೆ. ಮಾಲೀಕರ ಫೋನಿಗೂ ಆ ಬರಹ ಬಂತಂತೆ. ಊರಿನ ಹೆಸರು ನೋಡಿ, ‘ಇದು ನಿಮ್ ಊರಲ್ವಾ?’ ಎಂದು ಅವ್ವನನ್ನು ಕರೆದು ಓದಿ ಹೇಳಿದರಂತೆ. ಅವ್ವ ಪೂರ್ತಿ ಕೇಳುವ ಮೊದಲೇ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಹೊರಟಳಂತೆ. ಗಂಡ ಹೊಲಕ್ಕೆ ಹೋದ ಹೊತ್ತು ನೋಡಿ ಮಗಳನ್ನು ಕರೆತಂದಳಂತೆ. ನೆಂಟರ ಮನೆ ಎಂದು ಅಪ್ಪ ಹೇಳಿದ್ದು ಮರ್ಯಾದೆಗೆ ಅಂಜಿ. ಜೂನ್‌ನಲ್ಲಿ ಇಲ್ಲೇ ಶಾಲೆಗೆ ಸೇರಿದಳು. ಈಗ ಮೈಸೂರಿನ ಕಾಲೇಜಿಗೆ ದಿನಾ ಹೋಗಿ ಬರುತ್ತಾಳೆ. ಊರಿನ ಕಡೆ ತಲೆ ಹಾಕಿಲ್ಲ.

ನನಗೆ ಏನೂ ತಿಳಿಯದಂತಾಯಿತು. ನಾನು ಮಾಡಿದ್ದು ತಪ್ಪೋ, ಮೇಷ್ಟ್ರು ಮಾಡುತ್ತಿದ್ದದ್ದು ಸರಿಯೋ... ಅವರ ಕೈಯಲ್ಲೇ ಬಿಟ್ಟಿದ್ದರೆ ಇವಳ ಬ್ಯಾಗು ಉಳಿಯುತ್ತಿತ್ತು, ಅವ್ವ ಸಿಗುತ್ತಿರಲಿಲ್ಲ. ಎಷ್ಟು ಸಲ ತಿರುವಿ ಹಾಕಿದರೂ ಲೆಕ್ಕ ಹತ್ತುವುದಿಲ್ಲ.

ಹೊರಡುವಾಗ ಬಸ್ಸಿನವರೆಗೂ ಬಂದಳು.

“ಮಿಸ್, ನಮ್ ಮೇಷ್ಟ್ರು ಸಿಕ್ತಾರಾ ನಿಮ್ಗೆ? ಅವತ್ತು ಹೇಳ್ದೆ ಬಂದ್ಬುಟ್ಟೆ. ನಾನು ಓದ್ತಾ ಇದೀನಿ ಅಂತ ಅವ್ರಿಗೆ ಒಂದು ಮಾತು ಹೇಳ್ತೀರಾ?”

“ಹೇಳ್ತೀನಿ ಕಣಮ್ಮ” ಎಂದುಬಿಟ್ಟೆ. ಬಸ್ಸು ಹೊರಟಿತು. ಅವಳು ನಗುತ್ತಾ ಕೈಬೀಸಿದಳು, ನಾನೂ ಬೀಸಿದೆ.