ನೀರು ಬೇಡದ ಗಿಡ, ನೆಲ ಸಿಗದ ಹನುಮಂತಮ್ಮ

ಬೆಳಗಿನ ಐದೂವರೆ. ತುಮಕೂರಿನ ಮರಳೂರಿನಲ್ಲಿ, ಎರಡು ಮನೆಗಳ ನಡುವಿನ ಖಾಲಿ ಸೈಟಿನಲ್ಲಿ ಹನುಮಂತಮ್ಮ ಕುಕ್ಕರಗಾಲಲ್ಲಿ ಕೂತು ಲೋಳೆಸರದ ಎಲೆ ಕೊಯ್ಯುತ್ತಿದ್ದಾರೆ. ಬುಡದ ದಪ್ಪ ಎಲೆಗಷ್ಟೇ ಕುಡುಗೋಲು, ನಡುವಿನ ಸುಳಿ ಮುಟ್ಟುವುದಿಲ್ಲ. ಕೊಯ್ದ ಎಲೆಗಳನ್ನು ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಹಳದಿ ರಸ ಸೋರಿಹೋಗಬೇಕು.

"ಇದು ಹೊಟ್ಟೆಗೋದ್ರೆ ಭೇದಿ ಹಿಡೀತದೆ. ಎಲ್ರೂ ಸೋರ್ಸಲ್ಲ. ನಾನು ಸೋರುಸ್ತೀನಿ."

ದಿನಕ್ಕೆ ಅರವತ್ತು ಎಲೆ. ವಾಕಿಂಗ್ ಬರುವವರಿಗಾಗಿ ನಿಲ್ಲುವ ಜ್ಯೂಸ್ ಗಾಡಿಗೆ ಒಂದಿಷ್ಟು, ಎರಡು ಪಾರ್ಲರ್‌ಗಳಿಗೆ ಉಳಿದದ್ದು. ಅಮಾವಾಸ್ಯೆ ಬಂದರೆ ಕೆಲಸವೇ ಬೇರೆ. ದೃಷ್ಟಿ ತಾಗದಿರಲೆಂದು ಜನ ಬಾಗಿಲಿಗೆ ತಲೆಕೆಳಗಾಗಿ ಕಟ್ಟುವ ಗಿಡ ಕೇಳುತ್ತಾರೆ. ಬೇರುಸಹಿತ ಕಿತ್ತು, ಮಣ್ಣು ಕೊಡವಿ, ಕಪ್ಪು ದಾರ ಸುತ್ತಿ ಕೊಡುವುದು ನಲವತ್ತು ಗಿಡವಾದರೂ ಆಗುತ್ತದೆ.

ಹುಲಿಯೂರುದುರ್ಗದಿಂದ ಬಂದ ಹನುಮಂತಮ್ಮ ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುತ್ತಿದ್ದವರು. ಹತ್ತೊಂಬತ್ತು ವರ್ಷದ ಹಿಂದೆ ಹಬೆಗೆ ಬಲಗೈ ಸುಟ್ಟಿತು. ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಸುಟ್ಟ ಕೈಗೆ ಹಚ್ಚಲೆಂದು ಪಕ್ಕದ ಮನೆಯವರು ಕೊಟ್ಟ ಒಂದು ಗಿಡವನ್ನು ಈ ಸೈಟಿನ ಮೂಲೆಯಲ್ಲಿ ನೆಟ್ಟರು. ಅದರ ಮರಿ, ಮರಿಯ ಮರಿ ಸೇರಿ ಆರುನೂರಾದವು.

ಈಗ ಇರುವುದು ಮುನ್ನೂರು. ಸೈಟಿನ ಯಜಮಾನರು ಮನೆ ಕಟ್ಟಿಸುತ್ತಿದ್ದಾರೆ, ಸೋಮವಾರ ಜೆಸಿಬಿ ಬರುತ್ತದೆ. ಹೋದ ತಿಂಗಳೇ ಹನುಮಂತಮ್ಮ ಅರ್ಧ ಗಿಡ ಕಿತ್ತು, ಬೆಳ್ಳಾವಿಯಲ್ಲಿರುವ ತಮ್ಮ ಹನುಮಂತರಾಜುವಿನ ತೋಟಕ್ಕೆ ಸಾಗಿಸಿದ್ದರು. ಕಿತ್ತು ನೆಟ್ಟ ಲೋಳೆಸರಕ್ಕೆ ವಾರ ನೀರು ತೋರಿಸಬಾರದು ಎಂದು ಹೇಳಿಯೂ ಬಂದಿದ್ದರು. ಹತ್ತು ದಿನ ಬಿಟ್ಟು ಹೋಗಿ ಮುಟ್ಟಿದರೆ ಗಿಡಗಳು ಕೈಗೇ ಕಳಚಿಬಂದವು. ಬುಡವೆಲ್ಲ ಕೊಳೆತಿತ್ತು.

"ಅಕ್ಕಾ, ಕೆಂಪಗಾಗಿ ಸಾಯ್ತಿದ್ವು. ನೋಡಕ್ಕಾಗ್ದೆ ತೆಂಗಿನ ಸಸಿ ಜೊತೆ ಡ್ರಿಪ್ ಬಿಟ್ಟೆ."

"ಬಾಯಾರಿದ್ದು ಗಿಡಕ್ಕೇನ್ಲಾ, ನಿಂಗಾ?"

ಬೈದದ್ದು ಅಷ್ಟೇ. "ತೆಂಗು ಸಾಕ್ದೋನು ಅವ್ನು. ನೀರಿಲ್ದೆ ಸಾಕೋದು ಹೆಂಗೊತ್ತಾಯ್ತದೆ? ಪ್ರೀತಿಗೇ ಬುಟ್ಟವ್ನೆ, ಬುಡು."

ಉಳಿದ ಮುನ್ನೂರಕ್ಕೆ ಜಾಗವಿಲ್ಲ. ಅವರ ಬಾಡಿಗೆ ಮನೆಗೆ ಅಂಗಳವಿಲ್ಲ. ಎರಡು ಸೈಟಿನವರನ್ನು, ಒಂದು ಛತ್ರದವರನ್ನು ಕೇಳಿ ನೋಡಿದ್ದಾರೆ. ಯಾರೂ ಒಪ್ಪಿಲ್ಲ. "ವಯಸ್ಸು ಐವತ್ತೆಂಟು. ಇನ್ನೊಂದು ಹತ್ತೊಂಬತ್ತು ವರ್ಷ ನನ್ಗೆಲ್ಲೈತೆ?"

ನಾವು ಮಾತಾಡುತ್ತಿರುವಾಗಲೇ ಸೈಟಿನ ಯಜಮಾನಿ ಸ್ವರ್ಣಲತಾ ಬರುತ್ತಾರೆ.

"ಹನುಮಂತಮ್ಮ, ಸೋಮವಾರ ಗುದ್ದಲಿ ಪೂಜೆ. ಸಿಮೆಂಟ್ ಶೆಡ್ ಬಾಗಿಲಿಗೆ ದೃಷ್ಟಿಗೆ ಒಂದು ಗಿಡ ಕಟ್ಕೊಡಿ. ಚಿಕ್ಕದಾದ್ರೂ ಸಾಕು, ನಿಮ್ಮ ಕೈದೇ ಆಗ್ಬೇಕು."

"ಆಯ್ತು ಬುಡಿ."

"ಉಳಿದಿದ್ದನ್ನ ಒಂದ್ಕಡೆ ಗುಡ್ಡೆ ಹಾಕ್ಸ್ತೀನಿ, ತಗೊಂಡ್ಹೋಗಿ." ಎಲ್ಲಿಗೆ ಎಂದು ಅವರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಹನುಮಂತಮ್ಮ ಎದ್ದು ಮೂಲೆಗೆ ಹೋಗುತ್ತಾರೆ. ಚಿಕ್ಕ ಗಿಡಗಳನ್ನು ದಾಟಿ, ಮೊದಲು ನೆಟ್ಟ ಆ ಹಳೆಯ ಗಿಡದ ಬುಡಕ್ಕೆ ಕುಡುಗೋಲು ತೂರಿಸಿ ಮೀಟುತ್ತಾರೆ. ಎರಡು ಕೈಯಲ್ಲಿ ಹಿಡಿದೆಳೆದರೂ ಬರದು. ಮೂರನೇ ಸಲಕ್ಕೆ ಬೇರು ಬಿಡುತ್ತದೆ.

"ಅಯ್ಯೋ, ಅಷ್ಟು ದೊಡ್ಡದು ಯಾಕೆ?" ಎನ್ನುತ್ತಾರೆ ಸ್ವರ್ಣಲತಾ.

"ಇದೊಂದಾದ್ರೂ ಇಲ್ಲೇ ಇರ್ಲಿ ಕಣಮ್ಮ," ಎಂದು ಹನುಮಂತಮ್ಮ ಮಡಚದ ಬೆರಳುಗಳಲ್ಲಿ ದಾರ ಸುತ್ತುತ್ತಾರೆ. "ಮಣ್ಣಿಲ್ದೆ ಎರಡ್ವರ್ಷ ಬದುಕ್ತದೆ. ಯಾರ್ಗೂ ನೀರು ಹಾಕಕ್ಕೆ ಬುಡ್ಬೇಡಿ."